ಬಿಚ್ಚಿ ಜೋಡಿಸಿದ ಬಂದೂಕು ಹೇಳುವ ಸಾಕ್ಷ್ಯ

(ಇತಿಹಾಸಾಸಕ್ತರ ಸಭೆಯೊಂದರಲ್ಲಿ ನಮ್ಮ ವರದಿಗಾರರು ನೀಡಿದ ಉಪನ್ಯಾಸದ ಪಠ್ಯ)



ನಮ್ಮ ಊರುಗಳ ತೇರನ್ನು ನೀವೆಲ್ಲರೂ ನೋಡಿದ್ದೀರಿ. ಗಾಲಿ ಸವೆದರೆ ಗಾಲಿ ಬದಲಾಗುತ್ತದೆ. ಅಚ್ಚು ಮುರಿದರೆ ಹೊಸ ಅಚ್ಚು ಬರುತ್ತದೆ. ತಲೆಮಾರುಗಳು ಕಳೆದ ಮೇಲೆ ಮೊದಲಿನ ಮರ ಎಷ್ಟು ಉಳಿದಿದೆಯೋ ಹೇಳುವುದು ಕಷ್ಟ. ಆದರೂ ಅದು ಅದೇ ತೇರು. ನಕಲಿ ಎಂದು ಯಾರೂ ಹೇಳುವುದಿಲ್ಲ. ಆದರೆ ಅದರ ಬಗ್ಗೆ ಎರಡು ಪ್ರಶ್ನೆಗಳನ್ನು ಕೇಳಬಹುದು. ಈ ವರ್ಷ ಎಳೆದರೆ ಅದು ವಾಲದೆ ನಿಲ್ಲುತ್ತದೆಯೆ ಎಂಬುದು ಒಂದು. ಅದರಲ್ಲಿ ಹಳೆಯದೆಷ್ಟು, ಹೊಸದೆಷ್ಟು ಎಂಬುದು ಇನ್ನೊಂದು. ಮೊದಲನೆಯದಕ್ಕೆ ಬಡಗಿ ಉತ್ತರ ಹೇಳಬೇಕು, ಎರಡನೆಯದಕ್ಕೆ ಇತಿಹಾಸಕಾರ. ಒಬ್ಬರ ಉತ್ತರ ಇನ್ನೊಬ್ಬರ ಪ್ರಶ್ನೆಗೆ ಸಾಲದು.

ಇವತ್ತು ನಾನು ಇದೇ ಎರಡು ಪ್ರಶ್ನೆಗಳನ್ನು ಹಳೆಯ ಸೈನ್ಯದ ರೈಫಲ್‌ಗಳಿಗೆ ಕೇಳಬೇಕೆಂದಿದ್ದೇನೆ. ಬಂದೂಕಿನ ಕಸುಬು ನನ್ನದಲ್ಲ. ಸುದ್ದಿ ನಿಜವೋ ಸುಳ್ಳೋ ಎಂದು ತಿರುವಿ ನೋಡುವುದು ನನ್ನ ಕೆಲಸ. ಆ ಕಣ್ಣಿನಿಂದಲೇ ಈ ವಿಷಯವನ್ನು ನೋಡಿದ್ದೇನೆ.

ತ್ರೀ ನಾಟ್ ತ್ರೀ

ನಮಗೆಲ್ಲ ಪರಿಚಯವಿರುವ ರೈಫಲ್ ಒಂದೇ. ಪೊಲೀಸರ ಹೆಗಲ ಮೇಲೆ ನೋಡಿದ್ದು, ಎನ್‌ಸಿಸಿ ಕವಾಯತಿನಲ್ಲಿ ಕೆಲವರು ಹೊತ್ತದ್ದು. ಅದು ‘ತ್ರೀ ನಾಟ್ ತ್ರೀ’. ಇದರ ಪೂರ್ಣ ಹೆಸರು ಲೀ-ಎನ್‌ಫೀಲ್ಡ್. ಇದರ ಬೋಲ್ಟ್ ಮತ್ತು ಮ್ಯಾಗಜೀನ್ ವ್ಯವಸ್ಥೆಯನ್ನು ರೂಪಿಸಿದವನು ಸ್ಕಾಟ್ಲೆಂಡಿನಲ್ಲಿ ಹುಟ್ಟಿ ಕೆನಡಾ, ಅಮೆರಿಕಗಳಲ್ಲಿ ಬದುಕಿದ ಜೇಮ್ಸ್ ಪ್ಯಾರಿಸ್ ಲೀ. ಎನ್‌ಫೀಲ್ಡ್ ಎಂಬುದು ಲಂಡನ್ನಿನ ಉತ್ತರಕ್ಕಿದ್ದ ಸರ್ಕಾರಿ ಬಂದೂಕು ಕಾರ್ಖಾನೆಯ ಊರು. ನಳಿಗೆಯ ಒಳವ್ಯಾಸ 0.303 ಅಂಗುಲ, ಹೆಸರು ಬಂದದ್ದು ಅದರಿಂದ. ಮ್ಯಾಗಜೀನಿನಲ್ಲಿ 10 ತೋಟಾ. ತೂಕ ಸುಮಾರು 4 ಕಿಲೋ. ಬಹಳ ಪ್ರಸಿದ್ಧವಾದ ‘ಮಾರ್ಕ್ 3’ ಮಾದರಿ ಅಂಗೀಕಾರವಾದದ್ದು 1907ರಲ್ಲಿ.

ಇದು ಇಂಗ್ಲೆಂಡಿನಲ್ಲಷ್ಟೇ ತಯಾರಾಗಲಿಲ್ಲ. ಆಸ್ಟ್ರೇಲಿಯಾದ ಲಿತ್‌ಗೋದಲ್ಲಿ, ಮುಂದೆ ಕೆನಡಾ ಮತ್ತು ಅಮೆರಿಕದಲ್ಲಿಯೂ ತಯಾರಾಯಿತು. ನಮ್ಮಲ್ಲಿ ಕಲ್ಕತ್ತೆಯ ಹತ್ತಿರ, ಹೂಗ್ಲಿ ನದಿಯ ದಡದಲ್ಲಿರುವ ಇಶಾಪುರದ ರೈಫಲ್ ಕಾರ್ಖಾನೆ ಇದನ್ನು ಲಕ್ಷಗಟ್ಟಲೆ ತಯಾರಿಸಿತು. ಉತ್ತರ ಪ್ರದೇಶದ ಪೊಲೀಸರು ಇದಕ್ಕೆ ವಿಧಿವತ್ತಾಗಿ ವಿದಾಯ ಹೇಳಿದ್ದು 2020ರ ಗಣರಾಜ್ಯೋತ್ಸವದ ಪೆರೇಡಿನಲ್ಲಿ. ಶತಮಾನ ದಾಟಿದ ವಿನ್ಯಾಸವೊಂದು ಅಷ್ಟು ಕಾಲ ಕೆಲಸ ಮಾಡಿತು.

ಇಷ್ಟು ಬಾಳಿಕೆಗೆ ವಿನ್ಯಾಸವೊಂದೇ ಕಾರಣವಲ್ಲ. ಈ ರೈಫಲ್‌ಗಳನ್ನು ಮತ್ತೆ ಮತ್ತೆ ಬಿಚ್ಚಿ ಜೋಡಿಸಲಾಗಿದೆ.

ದುರಸ್ತಿಯೂ ಒಂದು ಜನ್ಮ

ಯುದ್ಧದಿಂದ ಮರಳಿದ ರೈಫಲ್ ಹೇಗಿರುತ್ತದೆ? ನಳಿಗೆ ಸವೆದಿರುತ್ತದೆ, ಮರ ಸೀಳಿರುತ್ತದೆ, ಸ್ಪ್ರಿಂಗ್ ಸತ್ತಿರುತ್ತದೆ. ಅದನ್ನು ಎಸೆಯುವಷ್ಟು ಶ್ರೀಮಂತಿಕೆ ಯಾವ ಸೈನ್ಯಕ್ಕೂ ಇಲ್ಲ. ಹಾಗಾಗಿ ಕಾರ್ಖಾನೆಗೆ ಕಳಿಸಿ, ಪೂರ್ತಿ ಬಿಚ್ಚಿ, ಪ್ರತಿ ಭಾಗವನ್ನೂ ಅಳೆದು, ಕೆಟ್ಟದ್ದನ್ನು ಬದಲಿಸಿ, ಮತ್ತೆ ಜೋಡಿಸಿ, ಗುಂಡು ಹಾರಿಸಿ ಪರೀಕ್ಷಿಸಿ ಹೊರಬಿಡುತ್ತಿದ್ದರು. ಬ್ರಿಟಿಷ್ ವ್ಯವಸ್ಥೆಯಲ್ಲಿ ಇದಕ್ಕೆ ‘ಫ್ಯಾಕ್ಟರಿ ಥರೋ ರಿಪೇರ್’ ಎಂದು ಹೆಸರು. ಹೀಗೆ ದುರಸ್ತಿಯಾದ ಎಷ್ಟೋ ರೈಫಲ್‌ಗಳ ಮೈಮೇಲೆ ‘ಎಫ್.ಟಿ.ಆರ್.’ ಎಂಬ ಮೂರು ಅಕ್ಷರಗಳೂ ದುರಸ್ತಿಯ ವರ್ಷವೂ ಕೊರೆದಿರುತ್ತವೆ.

ಇದು ಒಂದು ಬಗೆಯ ಜೋಡಣೆ. ಇನ್ನೊಂದು ಬಗೆಯದು ವ್ಯಾಪಾರಿಯ ಜೋಡಣೆ. ಯುದ್ಧಗಳು ಮುಗಿದ ಮೇಲೆ ಹಳೆಯ ರೈಫಲ್‌ಗಳು, ಅವುಗಳ ಬಿಡಿಭಾಗಗಳು ಮುಖ್ಯವಾಗಿ ಅಮೆರಿಕದ ಸಂಗ್ರಾಹಕರ ಮಾರುಕಟ್ಟೆಗೆ ಹರಿದವು. ಅಲ್ಲಿ ಯಾರೋ ಒಬ್ಬ ಒಂದು ರೈಫಲ್ಲಿನ ಮೈ, ಇನ್ನೊಂದರ ಬೋಲ್ಟ್, ಮತ್ತೊಂದರ ಮರ ಸೇರಿಸಿ, ಹೊಸ ಬಣ್ಣ ಕೊಟ್ಟು, ‘ಮೂಲ ಸ್ಥಿತಿಯದು’ ಎಂದು ಮಾರುತ್ತಾನೆ. ಎರಡೂ ಬಗೆಯವು ನೋಡಲು ಚೆನ್ನಾಗಿಯೇ ಇರುತ್ತವೆ. ವ್ಯಾಪಾರಿಯದು ಇನ್ನೂ ಸ್ವಲ್ಪ ಹೆಚ್ಚೇ ಹೊಳೆಯುತ್ತದೆ. ಹಾಗಾದರೆ ಗುರುತಿಸುವುದು ಹೇಗೆ?

ಕಾಲು ಮಿಲಿಮೀಟರಿನ ಅಂತರ

ಮೊದಲು ಬಡಗಿಯ ಪ್ರಶ್ನೆ: ಇದು ಗಟ್ಟಿಯೆ?

ರೈಫಲ್ಲಿನ ಹೃದಯವೆಂದರೆ ಬೋಲ್ಟ್ ಕೂರುವ ಉಕ್ಕಿನ ಗೂಡು. ಬ್ರಿಟಿಷರು ಅದನ್ನು ‘ಬಾಡಿ’ ಎಂದೇ ಕರೆಯುತ್ತಿದ್ದರು. ತೋಟಾ ಸಿಡಿದಾಗ ಒಳಗೆ ಚದರ ಅಂಗುಲಕ್ಕೆ ಸುಮಾರು 18 ಟನ್ ಒತ್ತಡ ಹುಟ್ಟುತ್ತದೆ. ಗುಂಡನ್ನು ಮುಂದಕ್ಕೆ ತಳ್ಳುವ ಅದೇ ಬಲ ಬೋಲ್ಟನ್ನು ಹಿಂದಕ್ಕೂ ತಳ್ಳುತ್ತದೆ. ಆ ಬೋಲ್ಟಿನ ಹಿಂದೆ ಕೆಲವೇ ಅಂಗುಲ ದೂರದಲ್ಲಿ ಇರುವುದು ಗುರಿಯಿಟ್ಟವನ ಕಣ್ಣು.

ಬೋಲ್ಟನ್ನು ತಡೆದು ನಿಲ್ಲಿಸುವುದು ಅದರ ಮೈಯಿಂದ ಚಾಚಿಕೊಂಡ ಎರಡು ಭಾಗಗಳು, ಕಿವಿಗಳು ಎನ್ನೋಣ. ಅವು ಬಾಡಿಯೊಳಗಿನ ಆಸರೆಗೆ ಸಮನಾಗಿ ಒತ್ತಿ ಕೂರಬೇಕು. ಒಂದು ಕಿವಿಯಷ್ಟೇ ತಾಗಿ ಇನ್ನೊಂದು ತೇಲುತ್ತಿದ್ದರೆ ಭಾರವೆಲ್ಲ ಒಂದೇ ಕಡೆಗೆ ಬೀಳುತ್ತದೆ. ಅದಕ್ಕಾಗಿಯೇ ಕಾರ್ಖಾನೆಯಲ್ಲಿ ಒಂದೊಂದು ಬೋಲ್ಟನ್ನೂ ಒಂದೊಂದು ಬಾಡಿಗೆ ಹೊಂದಿಸಿ, ಬಾಡಿಯ ಕ್ರಮಸಂಖ್ಯೆಯನ್ನೇ ಬೋಲ್ಟಿನ ಹಿಡಿಯ ಮೇಲೂ ಒತ್ತುತ್ತಿದ್ದರು. ಇವೆರಡೂ ಜೊತೆಯವು, ಅಗಲಿಸಬೇಡಿ ಎಂಬ ಸೂಚನೆ ಅದು. ಸಂಖ್ಯೆ ಬೇರೆಯಾದ ಮಾತ್ರಕ್ಕೆ ರೈಫಲ್ ಕೆಟ್ಟದ್ದೆಂದಲ್ಲ. ಆದರೆ ಪರೀಕ್ಷಿಸದೆ ನಂಬಬಾರದು ಎಂದರ್ಥ.

ಮುಂದಿನದು ಬಹಳ ಸೂಕ್ಷ್ಮವಾದ ಅಳತೆ. 303 ತೋಟಾದ ಬುಡದಲ್ಲಿ ಒಂದು ಅಂಚು ಇದೆ. ನಳಿಗೆಯ ಹಿಂಬದಿಗೂ ಬೋಲ್ಟಿನ ಮುಖಕ್ಕೂ ನಡುವೆ ಆ ಅಂಚು ಕೂರಲು ಜಾಗವಿರಬೇಕು. ಈ ಜಾಗಕ್ಕೆ ‘ಹೆಡ್ ಸ್ಪೇಸ್’ ಎನ್ನುತ್ತಾರೆ. ಸೈನ್ಯದ ನಿಯಮದಂತೆ ಅದು 0.064 ಅಂಗುಲಕ್ಕಿಂತ ಕಡಿಮೆ ಇರಬಾರದು, 0.074ಕ್ಕಿಂತ ಹೆಚ್ಚಿರಬಾರದು. ನಡುವಿನ ಅಂತರ ಕಾಲು ಮಿಲಿಮೀಟರ್. ನೀವು ಬೆಳಿಗ್ಗೆ ಓದುವ ಪತ್ರಿಕೆಯ ಮೂರು ನಾಲ್ಕು ಹಾಳೆ ಸೇರಿದರೆ ಅಷ್ಟು ದಪ್ಪ. ಜಾಗ ಕಡಿಮೆಯಾದರೆ ಬೋಲ್ಟ್ ಮುಚ್ಚುವುದಿಲ್ಲ. ಹೆಚ್ಚಾದರೆ ಹಿತ್ತಾಳೆಯ ತೋಟಾ ಬುಡದಲ್ಲಿ ಹಿಗ್ಗಿ ಸೀಳಬಹುದು. ಬಿಸಿ ಅನಿಲ ಹಿಂದಕ್ಕೆ ನುಗ್ಗಬಹುದು.

ಇದನ್ನು ನೋಡುವುದು ಕಣ್ಣಿನಿಂದಲ್ಲ, ಉಕ್ಕಿನ ಎರಡು ಬಿಲ್ಲೆಗಳಿಂದ. ಒಂದರ ಮೇಲೆ ಬೋಲ್ಟ್ ಮುಚ್ಚಬೇಕು, ಇನ್ನೊಂದರ ಮೇಲೆ ಮುಚ್ಚಬಾರದು. ಎರಡನೆಯ ಮಹಾಯುದ್ಧದ ‘ನಂಬರ್ 4’ ಮಾದರಿಯಲ್ಲಂತೂ ಬೋಲ್ಟಿನ ತಲೆಯನ್ನು 0ಯಿಂದ 3ರವರೆಗೆ ನಾಲ್ಕು ಉದ್ದಗಳಲ್ಲಿ ತಯಾರಿಸುತ್ತಿದ್ದರು. ಜಾಗ ಸಡಿಲವಾದರೆ ಮುಂದಿನ ಸಂಖ್ಯೆಯ ತಲೆ ಹಾಕಿದರಾಯಿತು. ಹೀಗಾಗಿ 3ನೇ ಸಂಖ್ಯೆಯ ತಲೆ ಕಂಡರೆ ಪರೀಕ್ಷಕರು ಸ್ವಲ್ಪ ನಿಧಾನಿಸುತ್ತಾರೆ. ಅದರ ಮುಂದೆ ಇನ್ನೊಂದು ಮೆಟ್ಟಿಲಿಲ್ಲ.

ಮರವೂ ಸುಮ್ಮನೆ ಇರುವುದಲ್ಲ. ಪ್ರತಿ ಗುಂಡಿಗೂ ಬಾಡಿ ಹಿಂದಕ್ಕೆ ಒದೆಯುತ್ತದೆ. ಆ ಒದೆತವನ್ನು ಹೊರುವುದು ಮುಂದಿನ ಮರದ ಒಳಗಿನ ಎರಡು ಸಣ್ಣ ಆಸರೆಗಳು. ಅಲ್ಲಿ ಸಂದು ಬಿದ್ದರೆ ಗುರಿ ತಪ್ಪುತ್ತದೆ, ಕಾಲಕ್ರಮದಲ್ಲಿ ಮರ ಸೀಳುತ್ತದೆ. ಆಸ್ಟ್ರೇಲಿಯಾದಲ್ಲಿ ಅಕ್ರೋಟು ಮರದ ಬದಲು ಮೃದುವಾದ ಸ್ಥಳೀಯ ಮರ ಬಳಸಿದಾಗ ಆ ಆಸರೆಗೆ ತಾಮ್ರದ ಬಿಲ್ಲೆ ಕೂರಿಸಿದರು. ಇಶಾಪುರದವರು ಮರದ ಅಡ್ಡಕ್ಕೆ ಒಂದು ಸ್ಕ್ರೂ ಹಾಕಿ ಬಿಗಿದರು. ಆ ಅಡ್ಡ ಸ್ಕ್ರೂ ಇಂದಿಗೂ ಸಂಗ್ರಾಹಕರಿಗೆ ಇಶಾಪುರದ ಗುರುತು. ವ್ಯಾಪಾರಿಯ ಜೋಡಣೆಯಲ್ಲಿ ಮರದ ಹೊರಗೆ ಪಾಲಿಶ್ ಇರುತ್ತದೆ, ಒಳಗೆ ಸಂದು ಇರುತ್ತದೆ. ಒಳ್ಳೆಯ ಪರೀಕ್ಷಕ ಮೊದಲು ಮರ ಬಿಚ್ಚಿ ಒಳಗೆ ನೋಡುತ್ತಾನೆ.

ನಳಿಗೆಯ ಒಳಗಿನ ತಿರುವು ಗೀರುಗಳೂ ಮಾತಾಡುತ್ತವೆ. ಹಳೆಯ ತೋಟಾದ ಕಿಡಿಮದ್ದು ಉಳಿಸುತ್ತಿದ್ದ ಲವಣ ತೇವವನ್ನು ಎಳೆದು ತುಕ್ಕು ಹಿಡಿಸುತ್ತಿತ್ತು. ಅದಕ್ಕೆ ಸಿಪಾಯಿಗಳು ನಳಿಗೆಗೆ ಕುದಿಯುವ ನೀರು ಹೊಯ್ದು ತೊಳೆಯುತ್ತಿದ್ದರು. ಯಾರು ತೊಳೆದಿದ್ದರು, ಯಾರು ಸೋಮಾರಿತನ ಮಾಡಿದ್ದರು ಎಂಬುದು ಈಗಲೂ ಅಲ್ಲಿ ಕಾಣುತ್ತದೆ.

ಅನುಭವಿಯ ಕಣ್ಣೂ ಸೋತ ಕಥೆ

‘ನುರಿತ ಕಣ್ಣಿಗೆ ಎಲ್ಲ ಗೊತ್ತಾಗುತ್ತದೆ’ ಎಂದು ನಾವು ಹೇಳುವುದುಂಟು. ಅದು ಯಾವಾಗಲೂ ನಿಜವಲ್ಲ ಎನ್ನಲು ಅಮೆರಿಕದ ಉದಾಹರಣೆಯೊಂದಿದೆ. ಅಲ್ಲಿನ ಸೈನ್ಯದ 1903ರ ಮಾದರಿಯ ಸ್ಪ್ರಿಂಗ್‌ಫೀಲ್ಡ್ ರೈಫಲ್‌ಗಳಲ್ಲಿ ಕೆಲವು ಮೊದಲ ಮಹಾಯುದ್ಧದ ಕಾಲದಲ್ಲಿ ಗುಂಡು ಹಾರಿಸುವಾಗ ಒಡೆದವು. ತನಿಖೆ ಕಾರ್ಖಾನೆಯ ಕುಲುಮೆಗೆ ಹೋಯಿತು. ಉಕ್ಕು ಸರಿಯಾಗಿ ಕಾದಿದೆಯೆ ಎಂಬುದನ್ನು ಅಲ್ಲಿನ ಹಿರಿಯ ಕೆಲಸಗಾರರು ಬಣ್ಣ ನೋಡಿಯೇ ತೀರ್ಮಾನಿಸುತ್ತಿದ್ದರು. ಉಷ್ಣಮಾಪಕ ತಂದು ನೋಡಿದಾಗ ಸತ್ಯ ಹೊರಬಿತ್ತು. ಬಿಸಿಲು ಚೆನ್ನಾಗಿದ್ದ ದಿನ, ಮೋಡ ಮುಚ್ಚಿದ ದಿನಕ್ಕಿಂತ 300 ಡಿಗ್ರಿ ಫ್ಯಾರನ್‌ಹೀಟ್‌ನಷ್ಟು ಹೆಚ್ಚು ಕಾದ ಉಕ್ಕನ್ನು ‘ಸರಿಯಾಗಿದೆ’ ಎಂದು ಒಪ್ಪುತ್ತಿದ್ದರು. ಬೆಳಕು ಹೆಚ್ಚಿದ್ದಾಗ ಕಾದ ಲೋಹ ಕಣ್ಣಿಗೆ ಮಂಕಾಗಿ ಕಾಣುತ್ತದೆ. ಹೆಚ್ಚು ಕಾದ ಉಕ್ಕು ಗಡುಸಾಗುವುದರ ಜೊತೆಗೆ ಪೆಡಸೂ ಆಗುತ್ತದೆ. ಬಗ್ಗುವ ಬದಲು ಒಡೆಯುತ್ತದೆ.

ಈ ಸಂಗತಿಯನ್ನು ಅಮೆರಿಕ ಸೈನ್ಯದ ಶಸ್ತ್ರತಜ್ಞ ಜೂಲಿಯನ್ ಹ್ಯಾಚರ್ ತಮ್ಮ 1947ರ ಪುಸ್ತಕದಲ್ಲಿ ದಾಖಲಿಸಿದರು. 1918ರಲ್ಲಿ ಹದ ಕೊಡುವ ವಿಧಾನ ಬದಲಾಯಿತು. ಸ್ಪ್ರಿಂಗ್‌ಫೀಲ್ಡ್ ಕಾರ್ಖಾನೆಯ ರೈಫಲ್‌ಗಳಲ್ಲಿ 8,00,000ಕ್ಕಿಂತ ಕೆಳಗಿನ ಸಂಖ್ಯೆಯವನ್ನು ಇಂದಿಗೂ ಸಂಶಯದಿಂದಲೇ ನೋಡುತ್ತಾರೆ. ಅಂಥ ಎಷ್ಟೋ ಹಳೆಯ ಬಾಡಿಗಳಿಗೆ ಮುಂದೆ ಹೊಸ ನಳಿಗೆ, ಹೊಸ ಮರ ಸಿಕ್ಕಿತು. ನೋಡಲು ಹೊಸ ರೈಫಲ್. ಒಳಗೆ ಅದೇ ಪೆಡಸು ಉಕ್ಕು. ದೋಷ ಹೇಳುವುದು ಅದರ ಸಂಖ್ಯೆ ಮಾತ್ರ.

ಇದೇ ಜಾತಿಯ ಇನ್ನೊಂದು ಅಪಾಯ ಬೆಸುಗೆಯದು. ಎರಡನೆಯ ಮಹಾಯುದ್ಧದ ಅಮೆರಿಕನ್ ‘ಎಂ-1 ಗ್ಯಾರಂಡ್’ ರೈಫಲ್‌ಗಳಲ್ಲಿ ಕೆಲವನ್ನು ಸರ್ಕಾರ ಗುಜರಿಗೆ ಹಾಕುವಾಗ ಬಾಡಿಯನ್ನು ಎರಡು ತುಂಡು ಮಾಡಿತ್ತು. ಕೆಲವರು ಆ ತುಂಡುಗಳನ್ನು ಮತ್ತೆ ಬೆಸೆದು, ಉಜ್ಜಿ, ಬಣ್ಣ ಹಚ್ಚಿ ರೈಫಲ್ ಮಾಡಿದರು. ಉಕ್ಕಿಗೆ ಹದ ಬರುವುದು ಶಾಖದಿಂದ, ಹದ ಕೆಡುವುದೂ ಶಾಖದಿಂದ. ಬೆಸುಗೆಯ ಗೆರೆ ಬಣ್ಣದಡಿ ಅಡಗಬಹುದು. ಆದರೆ ಎರಡು ಬೇರೆ ರೈಫಲ್ಲಿನ ತುಂಡುಗಳು ಸೇರಿದ್ದರೆ ಒಂದು ಕಡೆಯ ಕ್ರಮಸಂಖ್ಯೆಗೂ ಇನ್ನೊಂದು ಕಡೆಯ ನಕ್ಷೆ ಸಂಖ್ಯೆಗೂ ಕಾಲ ಹೊಂದುವುದಿಲ್ಲ.

ನಮ್ಮ ಎನ್‌ಸಿಸಿಯ ಹಳಬರಿಗೆ ‘ಡಿ.ಪಿ.’ ಎಂಬ ಅಕ್ಷರಗಳು ನೆನಪಿರಬಹುದು. ಕವಾಯತಿಗೆ ಮಾತ್ರ ಎಂದು ಅದರ ಅರ್ಥ. ಸಾಮಾನ್ಯವಾಗಿ ನಳಿಗೆಗೆ ತೂತು ಕೊರೆದು, ಬಿಳಿ ಪಟ್ಟೆ ಬಳಿದು ಅಂಥವನ್ನು ಗುಂಡು ಹಾರಿಸದಂತೆ ಮಾಡುತ್ತಿದ್ದರು. ಹೊರಗಿನ ಮಾರುಕಟ್ಟೆಯಲ್ಲಿ ಅಂಥದಕ್ಕೂ ಬೇರೆ ನಳಿಗೆ ತಿರುಪಿದ ಉದಾಹರಣೆಗಳಿವೆ. ಹಾಗಾಗಿ ಆ ಎರಡು ಅಕ್ಷರ ಕಂಡರೆ ಬಲ್ಲವರು ಗುಂಡು ತುಂಬುವುದಿಲ್ಲ.

ಹೊಡೆದು ಹಾಕುವುದು ಬೇರೆ, ಅಳಿಸುವುದು ಬೇರೆ

ಈಗ ಇತಿಹಾಸಕಾರನ ಪ್ರಶ್ನೆ: ಇದು ನಿಜವೆ?

ಲೀ-ಎನ್‌ಫೀಲ್ಡ್ ತನ್ನ ಜಾತಕವನ್ನು ಮೈಮೇಲೆಯೇ ಹೊತ್ತಿರುತ್ತದೆ. ಬಟ್ ಸೇರುವ ಕಡೆ ಬಲಬದಿಯಲ್ಲಿ ಕಿರೀಟ, ದೊರೆಯ ಹೆಸರಿನ ಅಕ್ಷರ, ತಯಾರಿಸಿದ ಕಾರ್ಖಾನೆ, ವರ್ಷ, ಮಾದರಿ. ನಳಿಗೆಯ ಮೇಲೆ ಅದರದೇ ವರ್ಷ. ಬಾಡಿ, ಬೋಲ್ಟ್, ಮೂತಿಯ ಟೋಪಿ, ಗುರಿ ನೋಡುವ ಪಟ್ಟಿ, ಮುಂದಿನ ಮರದ ಅಡಿ, ಹೀಗೆ ಹಲವು ಕಡೆ ಒಂದೇ ಕ್ರಮಸಂಖ್ಯೆ. ಇಂಗ್ಲೆಂಡಿನಲ್ಲಿ ಐದನೆಯ ಜಾರ್ಜ್ ಕಾಲದ ರೈಫಲ್ ಮೇಲೆ ‘ಜಿ.ಆರ್.’ ಇದ್ದರೆ ಇಶಾಪುರದ್ದರ ಮೇಲೆ ‘ಜಿ.ಆರ್.ಐ.’ ಇರುತ್ತದೆ. ಕೊನೆಯ ಅಕ್ಷರ ಚಕ್ರವರ್ತಿ ಎಂದು ಸೂಚಿಸುವುದು. ಇಂಗ್ಲೆಂಡಿಗೆ ಅವನು ದೊರೆ, ನಮಗೆ ಚಕ್ರವರ್ತಿ! ಗಣರಾಜ್ಯವಾದ ಮೇಲೆ ಕಿರೀಟ ಹೋಗಿ ಅಶೋಕನ ಸಿಂಹಗಳು ಬಂದವು, ಜೊತೆಗೆ ‘ಆರ್.ಎಫ್.ಐ.’ ಎಂಬ ಕಾರ್ಖಾನೆಯ ಮುದ್ರೆ. ಒಂದು ದೇಶದ ರಾಜಕೀಯ ಚರಿತ್ರೆ ಅಂಗೈಯಗಲ ಉಕ್ಕಿನ ಮೇಲೆ ಹೀಗೆ ಬರೆದಿದೆ.

ಸೈನ್ಯದ ದುರಸ್ತಿಗಾರ ಒಂದು ರೈಫಲ್ಲಿನ ಬೋಲ್ಟನ್ನು ಇನ್ನೊಂದಕ್ಕೆ ಹಾಕಿದಾಗ ಏನು ಮಾಡುತ್ತಿದ್ದ? ಅನೇಕ ಬಾರಿ ಹಳೆಯ ಸಂಖ್ಯೆಯ ಮೇಲೆ ಅಡ್ಡಗೆರೆ ಹೊಡೆದು, ಪಕ್ಕದಲ್ಲಿ ಹೊಸ ಸಂಖ್ಯೆ ಒತ್ತುತ್ತಿದ್ದ. ಹಳೆಯದು ಓದಲು ಸಿಗುತ್ತದೆ, ಹೊಸದೂ ಸಿಗುತ್ತದೆ. ಮೋಸಗಾರ ಏನು ಮಾಡುತ್ತಾನೆ? ಹಳೆಯದನ್ನು ಉಜ್ಜಿ ಅಳಿಸಿ, ಆ ಜಾಗದಲ್ಲಿ ಬೇಕಾದ ಸಂಖ್ಯೆ ಒತ್ತುತ್ತಾನೆ. ಉಜ್ಜಿದ ಕಡೆ ಲೋಹ ಸ್ವಲ್ಪ ತಗ್ಗಾಗಿರುತ್ತದೆ, ಅಕ್ಷರದ ಅಚ್ಚು ಬೇರೆಯಾಗಿರುತ್ತದೆ, ಬಣ್ಣದ ವಯಸ್ಸು ಹೊಂದುವುದಿಲ್ಲ.

ಪತ್ರಿಕೆಯವನಾಗಿ ಈ ವ್ಯತ್ಯಾಸ ನನಗೆ ಹತ್ತಿರದ್ದು ಅನಿಸಿತು. ತಪ್ಪಾದರೆ ಮರುದಿನ ‘ತಿದ್ದುಪಡಿ’ ಎಂದು ಪ್ರಕಟಿಸುತ್ತೇವೆ. ಆಗ ತಪ್ಪೂ ಉಳಿಯುತ್ತದೆ, ತಿದ್ದಿದ್ದೂ ಉಳಿಯುತ್ತದೆ. ಅದರಿಂದ ಪತ್ರಿಕೆಯ ಮಾನ ಹೋಗುವುದಿಲ್ಲ. ಕಡತದ ಪ್ರತಿಯನ್ನೇ ಗುಟ್ಟಾಗಿ ಬದಲಿಸಿದರೆ ಹೋಗುತ್ತದೆ. ಬಂದೂಕಿನಲ್ಲೂ ಅಷ್ಟೆ. ಭಾಗ ಬದಲಾದದ್ದು ದೋಷವಲ್ಲ. ಬದಲಾದದ್ದನ್ನು ಮುಚ್ಚಿಟ್ಟದ್ದು ದೋಷ.

ಮುದ್ರೆಯನ್ನೇ ನಂಬಿ ಕೂತರೂ ಕೆಟ್ಟೆವು. ಈಗಿನ ಪಾಕಿಸ್ತಾನದ ಪೇಶಾವರದ ದಕ್ಷಿಣಕ್ಕಿರುವ ದರ್ರಾ ಆದಂ ಖೇಲ್‌ನಂಥ ಊರುಗಳ ಕುಶಲಕರ್ಮಿಗಳು ಬ್ರಿಟಿಷ್ ರೈಫಲ್‌ಗಳನ್ನು ಕೈಯಿಂದಲೇ ನಕಲು ಮಾಡುವುದರಲ್ಲಿ ಹೆಸರುವಾಸಿ. ಕೈಚಳಕ ಅದ್ಭುತವಾದದ್ದು, ಉಕ್ಕಿನ ಭರವಸೆ ಮಾತ್ರ ಇಲ್ಲ. ಅವರು ಮುದ್ರೆಗಳನ್ನೂ ಚಿತ್ರದಂತೆ ನಕಲು ಮಾಡುತ್ತಿದ್ದರು. ಆದ್ದರಿಂದ ಎನ್‌ಫೀಲ್ಡ್ ಎಂಬ ಹೆಸರಿನಲ್ಲಿ ಕೆಲವೊಮ್ಮೆ ಇಂಗ್ಲಿಷ್ ಅಕ್ಷರ ತಿರುವುಮುರುವಾಗಿರುತ್ತದೆ. ಎಷ್ಟೋ ನಕಲುಗಳ ಮೇಲೆ ವಿಕ್ಟೋರಿಯಾ ರಾಣಿಯ ಮುದ್ರೆ ಇರುತ್ತದೆ. ರಾಣಿ ತೀರಿಕೊಂಡದ್ದು 1901ರ ಜನವರಿಯಲ್ಲಿ. ಈ ಗಿಡ್ಡ ನಳಿಗೆಯ ಲೀ-ಎನ್‌ಫೀಲ್ಡ್ ಬಂದದ್ದು ಆಮೇಲೆ. ಮೊಮ್ಮಗನ ಮದುವೆಯ ಫೋಟೋದಲ್ಲಿ ಅದಕ್ಕೂ ಮೊದಲೇ ತೀರಿಕೊಂಡ ಅಜ್ಜಿ ಕೂತಿದ್ದರೆ ಫೋಟೋವನ್ನು ಯಾರು ನಂಬುತ್ತಾರೆ?

ಒಂದು ಚೀಟಿಯ ಪ್ರಶ್ನೆ

‘ಇದೆಲ್ಲ ಸಂಗ್ರಾಹಕರ ಚಪಲ, ನಮಗೇನು?’ ಎಂದು ನೀವು ಕೇಳಬಹುದು. ನಮ್ಮ ದೇಶದಲ್ಲಿ 303 ಸಾಮಾನ್ಯ ನಾಗರಿಕರಿಗೆ ನಿಷೇಧಿತ ಬೋರ್. ಕೊಂಡುಕೊಳ್ಳುವ ಮಾತೇ ಇಲ್ಲ. ಆದರೆ ಸೇವೆಯಿಂದ ಇಳಿದ ರೈಫಲ್‌ಗಳು ವಸ್ತುಸಂಗ್ರಹಾಲಯದ ಗಾಜಿನ ಹಿಂದೆ ಬಂದು ನಿಲ್ಲುತ್ತವೆ. ಅಲ್ಲಿ ನಮ್ಮ ಮಕ್ಕಳು ಕೆಳಗಿನ ಚೀಟಿ ಓದಿ ನಂಬುತ್ತಾರೆ.

ಒಂದು ಕಲ್ಪನೆ ಮಾಡೋಣ. 1919ರ ಏಪ್ರಿಲ್ 13ರಂದು ಅಮೃತಸರದ ಜಲಿಯನ್‌ವಾಲಾ ಬಾಗ್‌ನಲ್ಲಿ ಜನರಲ್ ಡೈಯರನ ಸಿಪಾಯಿಗಳು ಹಾರಿಸಿದ್ದು 303 ಗುಂಡುಗಳನ್ನು. ಹಂಟರ್ ಸಮಿತಿಯ ಮುಂದೆ ಬಂದ ಲೆಕ್ಕ 1,650 ಗುಂಡು. ಸರ್ಕಾರಿ ಲೆಕ್ಕದಂತೆ ಸತ್ತವರು 379. ಜನರ ಲೆಕ್ಕ ಅದಕ್ಕಿಂತ ಬಹಳ ಹೆಚ್ಚು. ಈಗ ಯಾರೋ ಒಂದು ರೈಫಲ್ ತಂದು ‘ಅಂದು ಹಾರಿದ ಬಂದೂಕು ಇದು’ ಎಂದು ಚೀಟಿ ಅಂಟಿಸಲು ಹೊರಟರೆ ನಾವು ಏನು ಮಾಡಬೇಕು?

ಬಿಚ್ಚಿ ನೋಡಬೇಕು. ಬಾಡಿಯ ಮೇಲೆ 1917 ಎಂದಿದೆ ಎನ್ನೋಣ. ನಳಿಗೆಯ ಮೇಲೆ 1943. ಮರದಲ್ಲಿ ಇಶಾಪುರದ ಅಡ್ಡ ಸ್ಕ್ರೂ. ಬೋಲ್ಟಿನ ಹಳೆಯ ಸಂಖ್ಯೆಗೆ ಗೆರೆ ಹೊಡೆದು ಹೊಸದು ಒತ್ತಿದೆ. ಪಕ್ಕದಲ್ಲಿ ದುರಸ್ತಿಯ ಮುದ್ರೆ, ಅಶೋಕನ ಸಿಂಹ. ಆಗ ಆ ನಳಿಗೆಯಿಂದ 1919ರಲ್ಲಿ ಗುಂಡು ಹಾರಿರಲು ಸಾಧ್ಯವೇ ಇಲ್ಲ. ಬಾಡಿ ಆ ಕಾಲದ್ದು, ಅಷ್ಟು ಮಾತ್ರ ನಿಜ. ಆ ಬಾಗಿನಲ್ಲಿ ಅದು ಇತ್ತು ಎನ್ನಲು ಆ ಪಲ್ಟನ್ನಿನ ದಾಖಲೆಯಲ್ಲಿ ಅದರ ಸಂಖ್ಯೆ ಸಿಗಬೇಕು. ಸಿಗದಿದ್ದರೆ ಚೀಟಿ ಹೀಗಿರಬೇಕು: ‘1917ರಲ್ಲಿ ತಯಾರಾದ, ಎರಡನೆಯ ಮಹಾಯುದ್ಧದ ನಳಿಗೆ ಹೊತ್ತ, ಸ್ವತಂತ್ರ ಭಾರತದಲ್ಲಿ ದುರಸ್ತಿಯಾಗಿ ಮತ್ತೆ ಸೇವೆಗೆ ಇಳಿದ ರೈಫಲ್.’

ಈ ಎರಡನೆಯ ಚೀಟಿಯಲ್ಲಿ ರೋಮಾಂಚನ ಕಡಿಮೆ, ನಿಜ. ಆದರೆ ಇದರಲ್ಲಿ ಚರಿತ್ರೆ ಕಡಿಮೆಯೆ? ದೊರೆಯ ಕೈಯ ಆಯುಧ ಗಣರಾಜ್ಯದ ಕೈಗೆ ಬಂದು, ಅದೇ ಉಕ್ಕು ಹೊಸ ಮುದ್ರೆ ಹೊತ್ತು ನಿಂತ ಕಥೆ ಇದರಲ್ಲಿದೆ. ಸತ್ತವರ ಹೆಸರಿನಲ್ಲಿ ಸುಳ್ಳು ವಸ್ತು ಇಡುವುದು ಅವರಿಗೆ ಮಾಡುವ ಗೌರವವಲ್ಲ. ನಾಳೆ ಯಾರಾದರೂ ಆ ನಳಿಗೆಯ ವರ್ಷ ಓದಿದರೆ, ‘ಇದು ಸುಳ್ಳಾದರೆ ಉಳಿದದ್ದೂ ಸುಳ್ಳಿರಬಹುದು’ ಎನ್ನಲು ದಾರಿಯಾಗುತ್ತದೆ. ಅಪಾಯ ಇರುವುದು ಅಲ್ಲಿ.

ಹೋಲಿಸಿ ನೋಡಲು ಅಸಲು ಬೇಕೆಂಬ ಮಾತು ಬ್ರಿಟಿಷರಿಗೆ ಗೊತ್ತಿತ್ತು. ಎನ್‌ಫೀಲ್ಡ್‌ನಲ್ಲಿ ‘ಪ್ಯಾಟರ್ನ್ ರೂಮ್’ ಎಂಬ ಮಾದರಿ ಕೋಣೆ ಇತ್ತು. ಒಪ್ಪಿಗೆಯಾದ ಪ್ರತಿ ಆಯುಧದ ಮೊಹರು ಮಾಡಿದ ಮಾದರಿ ಅಲ್ಲಿರುತ್ತಿತ್ತು. 1988ರಲ್ಲಿ ಕಾರ್ಖಾನೆ ಮುಚ್ಚಿದಾಗ ಅದು ನಾಟಿಂಗ್‌ಹ್ಯಾಮ್‌ಗೆ, 2005ರಲ್ಲಿ ಲೀಡ್ಸ್‌ನ ರಾಯಲ್ ಆರ್ಮರೀಸ್ ಸಂಗ್ರಹಕ್ಕೆ ಹೋಯಿತು. ಕಾರ್ಖಾನೆ ಹೋಯಿತು, ಅಳತೆಗೋಲು ಉಳಿಯಿತು. ನಮ್ಮ ಪೊಲೀಸ್ ಉಗ್ರಾಣಗಳಿಂದ ಹೊರಬಿದ್ದ ರೈಫಲ್‌ಗಳು ಕರಗುವ ಮೊದಲು ಅವುಗಳ ಮೈಮೇಲಿನ ಸಂಖ್ಯೆ, ವರ್ಷ, ಮುದ್ರೆಗಳನ್ನಾದರೂ ಒಂದು ಪುಸ್ತಕದಲ್ಲಿ ಬರೆದಿಟ್ಟರೆ ಅದೂ ಒಂದು ಅಳತೆಗೋಲಾದೀತು. ಅದಕ್ಕೆ ಬೇಕಾದದ್ದು ಒಂದು ಟಾರ್ಚು, ಒಂದು ಭೂತಗನ್ನಡಿ, ಒಂದಿಷ್ಟು ತಾಳ್ಮೆ.

ತೇರಿನ ಮಾತಿಗೆ ಮರಳಿ ಮುಗಿಸುತ್ತೇನೆ. ಗಾಲಿ ಬದಲಿಸಿದ ಬಡಗಿ ಯಾವ ವರ್ಷ ಬದಲಿಸಿದೆ ಎಂದು ಒಂದು ಮೂಲೆಯಲ್ಲಿ ಕೆತ್ತಿಟ್ಟರೆ ತೇರಿನ ಮಹಿಮೆಗೆ ಕುಂದಿಲ್ಲ. ಹಳೆಯ ರೈಫಲ್ ಕಂಡಾಗಲೂ ಹೊಳಪು ನೋಡಬೇಡಿ. ಗಾಯ ಎಲ್ಲಿದೆ, ಅದನ್ನು ಹೊಲಿದವರು ತಮ್ಮ ಗುರುತು ಬಿಟ್ಟಿದ್ದಾರೆಯೆ ಎಂದು ನೋಡಿ. ಗುರುತು ಬಿಟ್ಟಿದ್ದರೆ ಆ ಕೆಲಸವನ್ನು ಅಳೆದು ನೋಡಬಹುದು. ಬಿಡದಿದ್ದರೆ ಎಷ್ಟೇ ಚೆಂದವಿದ್ದರೂ ಎರಡು ಹೆಜ್ಜೆ ಹಿಂದೆ ನಿಲ್ಲುವುದು ಲೇಸು.